ಬಳ್ಳಾರಿ ನಗರವೋ, ಗ್ರಾಮವೋ?

ಲಾ ಕಾಲೇಜುಗಳಲ್ಲಿ ‘ಅವಕಾಶಗಳ ಮಹಾಪೂರ’ ಎಂಬ ಉಪನ್ಯಾಸಕ್ಕೆ ಬರಗಾಲವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನನ್ನು ಕೇಳಿ, ಮಹಾಪೂರ ಎಲ್ಲಿ ನಿಲ್ಲುತ್ತೆ ಅಂತ ಅವನು ಹೇಳುತ್ತಾನೆ. ಬೆಂಗಳೂರಿನಿಂದ ಬಂದ ಅತಿಥಿಗಳು ಸ್ಲೈಡು ತೋರಿಸುತ್ತಾರೆ: ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಸಂಶೋಧನೆಯಲ್ಲಿ ನೆರವಾಗುವ ಲಾ ಕ್ಲರ್ಕ್, ದೆಹಲಿಯಲ್ಲಿ ಸಂಸದರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್, ಬ್ರಿಟನ್ನಿನಲ್ಲಿ ಓದಲು ಕೊಡುವ ಚೀವ್ನಿಂಗ್ ವಿದ್ಯಾರ್ಥಿವೇತನ. ಅರ್ಜಿ ಹಾಕೋದು ಹೇಗೆ ಎಂಬ ಕೊನೇ ಸ್ಲೈಡಿಗೆ ಸರಿಯಾಗಿ ಕರೆಂಟ್ ಹೋಗುತ್ತೆ. ಹಾಗಾಗಿ ಉಳಿದದ್ದು ಇಲ್ಲಿ.

ಮೊದಲು ಇಂಟರ್ನ್‌ಶಿಪ್. ವಕೀಲರ ರಾಷ್ಟ್ರೀಯ ಸಂಸ್ಥೆಯಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ. ಒಂದು ವರ್ಷದಲ್ಲಿ ಸತತ ನಾಲ್ಕು ವಾರ ಮೀರುವಂತಿಲ್ಲ. ಉಡುಪು ಬಿಳಿ ಅಂಗಿ, ಕಪ್ಪು ಟೈ, ಕಪ್ಪು ಕೋಟು, ಕಪ್ಪು ಬೂಟು, ಕಾಲುಚೀಲವೂ ಕಪ್ಪೇ. ನಿಯಮ ಬರೆದವರು ರಾಯಚೂರಿನ ಮೇ ತಿಂಗಳು ಕಂಡವರಲ್ಲ. ವಕೀಲರಿಗಾದರೆ ಕೆಳಗಿನ ಕೋರ್ಟುಗಳಲ್ಲಿ ಬೇಸಿಗೆಗೆ ಕೋಟಿನಿಂದ ವಿನಾಯಿತಿ ಉಂಟು, ಕಲಿಯುವ ಹುಡುಗ ಮಾತ್ರ ಬೇಯಬೇಕು. ಕೋಟು ಹೊಂದಿಸಲಾಗದವರಿಗೆ ಬಿಳಿ ಪ್ಯಾಂಟು, ಇನ್‌ಶರ್ಟ್ ಮಾಡಿದ ತುಂಬುತೋಳಿನ ಅಂಗಿ, ಬೂಟು ಸಾಕು ಅಂತ ಅದೇ ನಿಯಮದಲ್ಲಿದೆ. ಆ ಸಾಲನ್ನು ದರ್ಜಿಯೂ ಹೇಳಲ್ಲ, ಕಾಲೇಜೂ ಹೇಳಲ್ಲ.

ಇಂಟರ್ನ್‌ಶಿಪ್ಪಿನ ದಿನಚರಿ, ಅಂದರೆ ಡೈರಿಯದ್ದೇ ಬೇರೆ ಕಥೆ. ಹನ್ನೆರಡು ವಾರದ ಡೈರಿಯನ್ನು ಸಲ್ಲಿಸುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಬರೆದು ಮುಗಿಸುವುದು ಪರಂಪರೆ. ಸಿಕ್ಕಿಬೀಳುವುದು ಶಾಯಿಯಿಂದಲ್ಲ, ತಾರೀಖಿನಿಂದ. ‘ಎರಡನೇ ಶನಿವಾರ: ಸಾಕ್ಷಿಯ ಪಾಟೀಸವಾಲು ನೋಡಿದೆ.’ ಅವತ್ತು ಕೋರ್ಟಿಗೆ ಬೀಗ. ‘ಮೇ 14: ಪಾಲುವಿಭಾಗ ದಾವೆಯ ವಾದ ಕೇಳಿದೆ.’ ಸಿವಿಲ್ ಕೋರ್ಟಿಗೆ ಬೇಸಿಗೆ ರಜೆ. ಸಂಶಯ ಬಂದ ಮೇಷ್ಟ್ರು ಕೇಸ್ ನಂಬರನ್ನು ಇ-ಕೋರ್ಟ್ಸ್ ಆ್ಯಪಿಗೆ ಹಾಕಿದರೆ ಯಾವ ವಾಯಿದೆಗೆ ಏನಾಯಿತು ಅಂತ ಸಾಲಾಗಿ ಬರುತ್ತೆ. ಇಷ್ಟು ಕಷ್ಟಪಟ್ಟು ಸುಳ್ಳು ಬರೆಯೋ ಬದಲು ಕೋರ್ಟಿಗೇ ಹೋಗಬಹುದಿತ್ತು ಅನ್ನೋದು ಹೊಳೆಯುವುದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ.

ಪದವಿಯಾದ ಮೇಲೆ ಸನ್ನದು, ಅಂದರೆ ವಕೀಲಿಕೆಯ ಪರವಾನಗಿ. 1961ರ ವಕೀಲರ ಕಾಯ್ದೆಯ ಪ್ರಕಾರ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 125. ಇದಕ್ಕಿಂತ ಹೆಚ್ಚು ಕೀಳಬೇಡಿ ಅಂತ ರಾಜ್ಯಗಳ ಬಾರ್ ಕೌನ್ಸಿಲ್‌ಗಳಿಗೆ ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಬೇಕಾಯಿತು. ಕಾಯ್ದೆ ಓದಿದವರು ಕಾಯ್ದೆ ಓದಿದವರಿಗೇ ಕಾಯ್ದೆ ಮೀರಿ ರಸೀದಿ ಹರಿಯುತ್ತಿದ್ದರು ನೋಡಿ.

ಈಗ ಮುಖ್ಯ ವಿಷಯ, ದುಡ್ಡು. ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಸ್ಟೈಪೆಂಡ್ ಕೊಡಿ ಎಂದು 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸುತ್ತೋಲೆ ಹೊರಡಿಸಿತು. ಕಂದಾಯ ಕಟ್ಟುವಾಗ ಬಳ್ಳಾರಿ ಮಹಾನಗರ. ಪ್ಲಾಟು ಮಾರುವಾಗ ಮಿನಿ ಬೆಂಗಳೂರು. ಸ್ಟೈಪೆಂಡ್ ಮಾತು ತೆಗೆದರೆ ಸೀನಿಯರ್ ಸಾಹೇಬರು “ಏ ತಮ್ಮಾ, ನಮ್ದು ಹಳ್ಳೀನೇ ಬಿಡಪ್ಪ” ಅಂತಾರೆ. “ಹಂಗಾದ್ರ ಹದಿನೈದಾದ್ರೂ ಕೊಡ್ರಿ ಸರ್” ಅಂದರೆ ಸುತ್ತೋಲೆಯ ಒಂದು ಪದದ ಮೇಲೆ ಬೆರಳಿಡುತ್ತಾರೆ: ಶಿಫಾರಸು. ಇಡೀ ಸುತ್ತೋಲೆಯಲ್ಲಿ ಅವರು ಮನಸ್ಸಿಟ್ಟು ಓದಿದ್ದು ಅದೊಂದೇ. ಕೊಪ್ಪಳದಲ್ಲಿ ಪರವಾಗಿಲ್ಲ, ಬಸ್ ಚಾರ್ಜಾದರೂ ಸಿಗುತ್ತೆ, ಕೇಸು ಗಂಗಾವತಿಯಲ್ಲಿದ್ದ ದಿನ.

ಬ್ರಿಟನ್ನಿಗೆ ಹೋಗೋಣ ಅಂದರೆ ಚೀವ್ನಿಂಗ್ ಎರಡು ವರ್ಷದ ಕೆಲಸದ ಅನುಭವ ಕೇಳುತ್ತೆ, ಅಂದರೆ 2,800 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 350 ದಿನ. ಗಂಟೆಗೇನು ಕೊರತೆ? ಕೋರ್ಟ್ ವರಾಂಡದಲ್ಲಿ ಫೈಲು ಹಿಡಿದು ನಿಂತದ್ದೇ ಅದರ ಎರಡರಷ್ಟಾಗುತ್ತೆ. ನ್ಯಾಯಾಧೀಶರಾಗೋಣ ಅಂದರೆ, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಲೆಕ್ಕ ಬಾರ್ ಪರೀಕ್ಷೆಗೂ ಮೊದಲೇ ಸಿಗುವ ತಾತ್ಕಾಲಿಕ ನೋಂದಣಿಯ ದಿನದಿಂದ. ಪ್ರಮಾಣಪತ್ರವನ್ನು ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರೇ ಕೊಡಬೇಕು, ಇಲ್ಲವೇ ಹತ್ತು ವರ್ಷ ಅನುಭವದ ವಕೀಲರು ಕೊಟ್ಟು ಅದಕ್ಕೆ ಪ್ರಧಾನ ನ್ಯಾಯಾಧೀಶರ ದೃಢೀಕರಣ ಬೇಕು.

ಎಡವಟ್ಟಾಗುವುದು ಇಲ್ಲೇ. ಕಕ್ಷಿದಾರ ವಕೀಲರಿಗೆ ಬರೆದುಕೊಡುವ ವಕಾಲತ್ತಿನಲ್ಲಿ ಸೀನಿಯರ್ ಹೆಸರು. ಆರ್ಡರ್ ಶೀಟಿನಲ್ಲಿ ‘ವಾದಿ ಪರ ವಕೀಲರು ಕಾಲಾವಕಾಶ ಕೋರಿದರು’ ಎಂದಷ್ಟೇ. ಕೋರಿ ಬೈಸಿಕೊಂಡ ಹುಡುಗನ ಹೆಸರು ಎಲ್ಲೂ ಇಲ್ಲ. ಮೊದಲ ದಿನದಿಂದಲೇ ವಕಾಲತ್ತಿನಲ್ಲಿ ಸೀನಿಯರ್ ಕೆಳಗೆ ತನ್ನ ಹೆಸರು, ನೋಂದಣಿ ಸಂಖ್ಯೆ ಬರೆದು ಸಹಿ ಹಾಕಬೇಕು. ವರ್ಷಕ್ಕೆ ಒಂದಷ್ಟು ಪ್ರಕರಣಗಳ ದೃಢೀಕೃತ ನಕಲು ತೆಗೆದಿಟ್ಟುಕೊಳ್ಳಬೇಕು. “ಈಗ್ಲೇ ಯಾಕಪ್ಪ ನಿನ್ನ ಹೆಸರು, ಕಕ್ಷಿದಾರ ಗಾಬರಿ ಆಗ್ತಾನ” ಅಂತ ಸಾಹೇಬರು ತಡೆದರೆ ಉಳಿಯುವ ದಾಖಲೆ ಒಂದೇ: ಕೋರ್ಟ್ ಎದುರಿನ ಚಹಾದಂಗಡಿಯ ಉದ್ರಿ ಪುಸ್ತಕ. ಅದರಲ್ಲಿ ಜೂನಿಯರ್ ಹೆಸರು ತಾರೀಖು ಸಮೇತ, ಮೂರು ವರ್ಷ, ಒಂದು ದಿನವೂ ತಪ್ಪದೆ ಇರುತ್ತೆ. ಅಂಗಡಿಯವನಿಗೆ ಹತ್ತು ವರ್ಷದ ಅನುಭವವೂ ಆಗಿರುತ್ತೆ. ಬಾಕಿ ತೀರಿಸಿದರೆ ಸಹಿ ಹಾಕಿಕೊಟ್ಟಾನು.