ಕರಾವಳಿ ನಕ್ಷೆ ಕೊಡುವುದಾದರೆ ಫೈಲನ್ನೇ ಕೊಡಿ

ಇವತ್ತು ಬೆಳಿಗ್ಗೆ ಮತ್ತೆ ಅದೇ. ಕಾಸರಗೋಡಿನ ಕುಂಬಳೆ ಕಡೆಯ ವಾಟ್ಸಾಪ್ ಗುಂಪಿನಲ್ಲಿ ಸಿಆರ್‌ಝಡ್ (ಕಡಲು, ಹೊಳೆಗಳ ಬದಿಯಲ್ಲಿ ಕಟ್ಟಡಕ್ಕೆ ನಿರ್ಬಂಧವಿರುವ ಕರಾವಳಿ ನಿಯಂತ್ರಣ ವಲಯ) ನಕ್ಷೆಯ ಒಂದು ಫೋಟೊ, ಅದರ ಕೆಳಗೆ "ನಮ್ಮ ಮನೆ ಗೆರೆಯ ಒಳಗೋ ಹೊರಗೋ?" ಎಂದು ಸಾಲು ಸಾಲು ಪ್ರಶ್ನೆ. ಯಾರೂ ಉತ್ತರ ಹೇಳುವಂತಿಲ್ಲ, ಯಾಕೆಂದರೆ ಆ ಫೋಟೊದಲ್ಲಿ ಉತ್ತರವೇ ಇಲ್ಲ. ನಕ್ಷೆ ತಯಾರಿಸಿದ ಮೂಲ ಫೈಲ್ ಕೊಡದೆ ಬರೀ ಚಿತ್ರ ಹಂಚುವ ಈ ವಿಷಯದಲ್ಲಿ ನನಗೆಷ್ಟು ಸಿಟ್ಟು ಎಂದು ನಿಮಗೆ ಗೊತ್ತು. ಇನ್ನೊಮ್ಮೆ ಲೆಕ್ಕ ಸಮೇತ ಬರೆಯುತ್ತೇನೆ.

1:25,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. 2019ರ ಸಿಆರ್‌ಝಡ್ ಅಧಿಸೂಚನೆ ಪ್ರಕಾರ ಉಬ್ಬರದ ನೀರು ಏರುವ ಹೊಳೆಯ ಬದಿಯಲ್ಲಿ ಲೆಕ್ಕಕ್ಕೆ ಬರುವುದು 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಕಾಗದದಲ್ಲಿ ಅದು ಬರೀ ಎರಡು ಮಿಲಿಮೀಟರ್. ಗೆರೆ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಅದರ ಅಡಿಯಲ್ಲೇ ಹನ್ನೆರಡೂವರೆ ಮೀಟರ್ ಹೋಯಿತು. ಮನೆ, ಬಾವಿ ಎರಡೂ ಗೆರೆಯ ದಪ್ಪದೊಳಗೆ. ಎ0 ಹಾಳೆಯ ಉದ್ದ 1189 ಮಿಲಿಮೀಟರ್. ಅದರ ಫೋಟೊ ವಾಟ್ಸಾಪಿನಲ್ಲಿ 1600 ಪಿಕ್ಸೆಲ್‌ಗೆ ಕುಗ್ಗಿದರೆ ಒಂದೊಂದು ಪಿಕ್ಸೆಲ್ಲೂ ನೆಲದಲ್ಲಿ ಸುಮಾರು ಹದಿನೆಂಟೂವರೆ ಮೀಟರ್. ಇದನ್ನು ಹಿಡಿದುಕೊಂಡು ಶಿರಿಯ ಹೊಳೆಯ ಬದಿಯವರು ತಮ್ಮ ಹತ್ತು ಸೆಂಟ್ಸ್ ಜಾಗ ಎಲ್ಲಿದೆ ಎಂದು ಹುಡುಕಬೇಕೆ?

ಸಿಕ್ಕಿದ್ದು ಪಿಡಿಎಫ್ ಆದರೆ ಮೊದಲು ಅದನ್ನು ಕಂಪ್ಯೂಟರಿನಲ್ಲಿ ತೆರೆದು ಗೆರೆಯನ್ನು ಆದಷ್ಟು ದೊಡ್ಡದು ಮಾಡಿ ನೋಡಿ. ಗೆರೆ ಚೌಕ ಚೌಕವಾಗಿ ಒಡೆದರೆ ಅದು ಸ್ಕ್ಯಾನ್. ನುಣುಪಾಗಿಯೇ ಉಳಿದರೆ ಒಳಗೆ ವೆಕ್ಟರ್ (ಚುಕ್ಕೆಗಳ ಚಿತ್ರವಲ್ಲ, ಅಂಕೆಗಳಿಂದ ಎಳೆದ ಗೆರೆ) ಇದೆ, ಅಂದರೆ ಮೂಲ ಫೈಲ್ ಕೊಟ್ಟವರ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಇದ್ದೂ ಕೊಡಲಿಲ್ಲವಲ್ಲ ಎಂಬುದೇ ನನ್ನ ದೂರು. ಸ್ಕ್ಯಾನ್ ಆದರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ತೆಗೆದು, ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಭೂಮಿಯ ಸರಿಯಾದ ಜಾಗಕ್ಕೆ ಕೂರಿಸುವ ಜಿಯೋರೆಫರೆನ್ಸರ್‌ನಲ್ಲಿ ಹಾಕಬೇಕು. ಆಗ ಒಂದು ಪಿಕ್ಸೆಲ್ ಸುಮಾರು 2 ಮೀಟರ್. ಹಾಳೆಯಲ್ಲಿ ಅಚ್ಚಾದ ಅಕ್ಷಾಂಶ ರೇಖಾಂಶಗಳ ಕೂಡು ಬಿಂದುಗಳನ್ನೇ ಹಿಡಿಯಿರಿ. ಮೂರು ಬಿಂದು ಸಾಕು ಎಂದು ಸಾಫ್ಟ್‌ವೇರ್ ಒಪ್ಪುತ್ತದೆ, ಆದರೆ ಮೂರರಲ್ಲಿ ತಪ್ಪು ತಿಳಿಯುವುದಿಲ್ಲ. ನಾಲ್ಕು ಮೂಲೆ, ನಡುವೆ ಇನ್ನೂ ನಾಲ್ಕು, ಅಷ್ಟಾದರೂ ಬೇಕು.

ಬಹಳ ಜನ ಎಡವುವುದು ಇನ್ನೊಂದು ಕಡೆ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಎವರೆಸ್ಟ್ ದೀರ್ಘಗೋಳ ಎಂಬ ಭೂಮಿಯ ಹಳೆಯ ಅಳತೆಯ ಮೇಲೆ ನಿಂತವು. ಅವುಗಳ ಅಂಕೆಗಳನ್ನು ಹಾಗೆಯೇ ಡಬ್ಲ್ಯುಜಿಎಸ್ 84 (ಈಗ ಜಿಪಿಎಸ್ ಬಳಸುವ ಅಳತೆ) ಎಂದು ತುಂಬಿದರೆ ನಮ್ಮ ಕಡೆ ನೂರು ಮೀಟರಿಗಿಂತ ಹೆಚ್ಚು ಜಾರುತ್ತದೆ. 50 ಮೀಟರಿನ ಗೆರೆಗೆ ನೂರು ಮೀಟರಿನ ತಪ್ಪು! ಮೊಗ್ರಾಲ್ ಹೊಳೆ ತೋಟಕ್ಕೆ ಬರುತ್ತದೆ, ತೋಟ ಹೊಳೆಗೆ ಹೋಗುತ್ತದೆ. ಮೂಲ ಫೈಲ್ ಕೊಟ್ಟಿದ್ದರೆ ಈ ಕಸರತ್ತೇ ಬೇಡವಿತ್ತು.

ಪರಿಸರ ಸೂಕ್ಷ್ಮತೆಯ ನಕ್ಷೆಗಳಲ್ಲಂತೂ ಚಿತ್ರ ಪೂರ್ತಿ ಸೋಲುತ್ತದೆ. ಅಮೆರಿಕದ ಕಡಲು, ಹವಾಮಾನ ಸಂಸ್ಥೆ ನೋವಾ ಬಳಸುವ ಇಎಸ್‌ಐ (ಪರಿಸರ ಸೂಕ್ಷ್ಮತೆಯ ಸೂಚ್ಯಂಕ) ಪದ್ಧತಿಯಲ್ಲಿ, ಕಡಲಿಗೆ ಎಣ್ಣೆ ಚೆಲ್ಲಿದರೆ ಯಾವ ದಡ ಎಷ್ಟು ಸೂಕ್ಷ್ಮ ಎಂದು ಹೇಳಲು, ದಡಕ್ಕೆ 1ರಿಂದ 10ರ ಶ್ರೇಣಿ. ಅಲೆ ಬಡಿಯುವ ಬೋಳು ಬಂಡೆ 1, ಸಣ್ಣ ಮರಳಿನ ದಂಡೆ 3, ಕಲ್ಲು ಸುರಿದ ಕಡಲ್ಕೊರೆತ ತಡೆಗೋಡೆ 6, ಕಾಂಡ್ಲಾ ಕಾಡು (ಮ್ಯಾಂಗ್ರೋವ್) 10. ಬಂಡೆಯ ಎಣ್ಣೆಯನ್ನು ಅಲೆಯೇ ತೊಳೆಯುತ್ತದೆ. ಕಾಂಡ್ಲಾ ಬೇರಿನ ಕೆಸರಿಗೆ ಇಳಿದ ಎಣ್ಣೆ ವರ್ಷಗಟ್ಟಲೆ ಹೋಗುವುದಿಲ್ಲ. ಈ ಶ್ರೇಣಿಯನ್ನು ಬಣ್ಣದಲ್ಲಿ ತೋರಿಸಬಹುದು. ಆದರೆ ಯಾವ ಜೀವಿ, ಯಾವ ತಿಂಗಳು, ಎಷ್ಟು ದಟ್ಟವಾಗಿ ಎಂಬುದು ಗೆರೆಯ ಹಿಂದಿನ ಕೋಷ್ಟಕದಲ್ಲಿ ಇರುತ್ತದೆ. ನೀಲೇಶ್ವರದ ತೈಕಡಪ್ಪುರದಲ್ಲಿ ಕಡಲಾಮೆ ಮೊಟ್ಟೆಯಿಡುವುದು ಮಳೆಗಾಲ ಕಳೆದ ಮೇಲೆ. ಜೂನ್‌ಗೂ ಜನವರಿಗೂ ಒಂದೇ ಚಿತ್ರ ಕೊಟ್ಟರೆ ಏನು ಮಾಡುವುದು? 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಮುಳುಗಿತು. ಜೂನ್ 9ರಂದು ಕಣ್ಣೂರಿನ ಅಳೀಕ್ಕಲ್ ಆಚೆ ವಾನ್ ಹೈ 503 ಹೊತ್ತಿ ಉರಿಯಿತು. ಅಂಥ ದಿನ ಯಾವ ಅಳಿವೆಗೆ ಮೊದಲು ತೇಲುತಡೆ (ಎಣ್ಣೆ ಒಳಗೆ ಬಾರದಂತೆ ನೀರಿನ ಮೇಲೆ ಹಾಕುವ ಬೇಲಿ) ಹಾಕಬೇಕು ಎಂಬುದನ್ನು ಫೋಟೊ ನೋಡಿ ತೀರ್ಮಾನಿಸಲಾಗದು.

ಇನ್ನು ಯಾವ ಫೈಲ್? ಶೇಪ್‌ಫೈಲ್ ಎಂಬ ಹಳೆಯ ನಕ್ಷೆ ಫೈಲಿನ ಬಗೆ ಬೇಡ ಎನ್ನುತ್ತೇನೆ, ಅದರಲ್ಲೂ ಕನ್ನಡದವರಿಗೆ. ಅದು ಒಂದು ಫೈಲೇ ಅಲ್ಲ. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂರೂ ಇರಲೇಬೇಕು. ಪಿಆರ್‌ಜೆ ಬಿಟ್ಟುಹೋದರೆ ನಕ್ಷೆ ಭೂಮಿಯ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದು, ಸಿಪಿಜಿ ಬಿಟ್ಟುಹೋದರೆ ಕನ್ನಡ ಅಕ್ಷರ ಕಲಸುಮೇಲೋಗರ. ಕೋಷ್ಟಕದ ಅಂಕಣದ ಹೆಸರಿಗೆ ಹತ್ತೇ ಬೈಟ್. ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರ ಉಳಿಸುವ ಕ್ರಮ) ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಹಾಗಾಗಿ "ಅಳಿವೆ" ಎಂಬ ಪುಟ್ಟ ಪದವೂ ಹಿಡಿಸದು. ಅದಕ್ಕೆ ಹದಿನೈದು ಬೇಕು. "ಮಂಜೇಶ್ವರ"ಕ್ಕೆ 24. ಅಂಕಣದ ಒಳಗಿನ ಜಾಗವನ್ನು 20 ಬೈಟಿಗೆ ಕಟ್ಟಿದ್ದರೆ "ಮಂಜೇಶ್" ಆಗಿ ಊರಿನ ಬಾಲವೇ ಕತ್ತರಿಸಿ ಹೋಗುತ್ತದೆ. ನಮ್ಮ ಊರುಗಳ ಹೆಸರು ದಾಖಲೆಯಲ್ಲಿ ಕನ್ನಡದ ಹಾಗೆ ಉಳಿಯಲಿ ಎಂದು ಇಷ್ಟು ವರ್ಷ ಹೊಡೆದಾಡುವ ನಾವು ಇದನ್ನು ಗಮನಿಸಬೇಕು.

ಕೆಎಂಎಲ್ ಎಂಬ ಇನ್ನೊಂದು ಬಗೆ ಗೂಗಲ್ ಅರ್ತ್‌ನಲ್ಲಿ ನೋಡಲು ಒಳ್ಳೆಯದು, ಅಷ್ಟೇ. ಕೋಷ್ಟಕ ಅದರಲ್ಲಿ ಎಷ್ಟೋ ಸಲ ವಿವರಣೆಯ ಪೆಟ್ಟಿಗೆಗೆ ಸೇರಿ ಬರೀ ಪಠ್ಯವಾಗುತ್ತದೆ.

ಕೇಳಬೇಕಾದ್ದು ಜಿಯೋಪ್ಯಾಕೇಜ್. ಒಂದೇ ಫೈಲ್, ಎಲ್ಲ ಪದರ, ಕೋಷ್ಟಕ, ಯುನಿಕೋಡ್ ಕನ್ನಡ, ಮಲಯಾಳ ಎರಡೂ ಒಳಗೆ. ಒಂದು ಎಚ್ಚರ: ಕ್ಯೂಜಿಐಎಸ್ ಮುಚ್ಚಿದ ಮೇಲೆಯೇ ಕಾಪಿ ಮಾಡಿ. ತೆರೆದಿರುವಾಗ ಪಕ್ಕದಲ್ಲಿ ಡಬ್ಲ್ಯುಎಎಲ್ ಎಂಬ ಮರಿ ಫೈಲ್ ಇರುತ್ತದೆ, ಕೊನೆಯ ತಿದ್ದುಪಡಿ ಅದರಲ್ಲೇ ಉಳಿದು ನಿಮ್ಮ ಪೆನ್‌ಡ್ರೈವ್‌ಗೆ ಹಳೆಯದು ಬರಬಹುದು.

"ಫೈಲ್ ಕೊಟ್ಟರೆ ಜನ ತಿದ್ದಿ ಸುಳ್ಳು ನಕ್ಷೆ ಹಂಚುತ್ತಾರೆ" ಎಂದು ಹೇಳುವವರಿದ್ದಾರೆ. ಪಿಡಿಎಫ್ ತಿದ್ದುವುದು ಅದಕ್ಕಿಂತ ಸುಲಭ ಮಾರಾಯ್ರೆ! ಮೂಲ ಫೈಲಿನ ಎಸ್‌ಎಚ್‌ಎ-256 ಅಂಕೆಯನ್ನು (ಫೈಲಿನಿಂದಲೇ ಲೆಕ್ಕಹಾಕಿ ಬರುವ, ಬೆರಳಚ್ಚಿನಂಥ ಗುರುತು) ಜೊತೆಗೆ ಪ್ರಕಟಿಸಿದರೆ ಒಂದು ಬೈಟ್ ಬದಲಾದರೂ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಪಿಡಿಎಫ್ ಮಾತ್ರ ತೆರೆಯುತ್ತದೆ ಎನ್ನುವವರಿಗೆ: ಅದನ್ನೂ ಕೊಡಿ, ಅದನ್ನು ಮಾತ್ರ ಕೊಡಬೇಡಿ.

ನಕ್ಷೆಗೆ ಆಕ್ಷೇಪಣೆ ಬರೆಯುವವರು ಅರ್ಜಿಯಲ್ಲೇ ಕೇಳಿ: ಜಿಯೋಪ್ಯಾಕೇಜ್ ಬೇಕು, ನಿರ್ದೇಶಾಂಕ ಪದ್ಧತಿಯ ಇಪಿಎಸ್‌ಜಿ ಸಂಖ್ಯೆ ಬೇಕು (ಕಾಸರಗೋಡಿಗೆ ಯುಟಿಎಂ ವಲಯ 43 ಉತ್ತರ, 32643), ಉಬ್ಬರ ರೇಖೆ ಗುರುತಿಸಿದ ದಿನಾಂಕ ಬೇಕು. ನಿಮ್ಮ ಜಾಗದ ಸರ್ವೆ ನಂಬ್ರದ ಜೊತೆ ನಾಲ್ಕು ಮೂಲೆಯ ಅಂಕೆಗಳನ್ನು ದಶಮಾಂಶ ಡಿಗ್ರಿಯಲ್ಲಿ ಐದು ಸ್ಥಾನದವರೆಗೆ ಬರೆಯಿರಿ, ಅದು ಸುಮಾರು ಒಂದು ಮೀಟರಿನ ಸೂಕ್ಷ್ಮತೆ. ಅಕ್ಷಾಂಶ ಯಾವುದು, ರೇಖಾಂಶ ಯಾವುದು ಎಂದು ಅಕ್ಷರದಲ್ಲೇ ಹೇಳಿ. ಜಿಯೋಜೇಸನ್ (ಇದೂ ಒಂದು ನಕ್ಷೆ ಫೈಲಿನ ಬಗೆ), ಕೆಎಂಎಲ್ ಎರಡರಲ್ಲೂ ರೇಖಾಂಶ ಮೊದಲು ಬರುತ್ತದೆ. ತಿರುಗುಮುರುಗಾದರೆ ಕುಂಬಳೆ ಹೋಗಿ ನಾರ್ವೆಯ ಉತ್ತರದ ಹಿಮಸಮುದ್ರದಲ್ಲಿ ಕೂರುತ್ತದೆ, ನಿಮ್ಮ ಅರ್ಜಿ ಅಲ್ಲಿಗೇ ಬಿತ್ತು.