ಚಳಿಯ ತಲೆ ಮೇಲೆ ಗೂಬೆ

ಅಡಿಕೆ ಕೊಯ್ಲು ಜೋರಾಗಿ, ಮನೆಮಂದಿಗೆಲ್ಲ ಮೈತುಂಬ ಕೆಲಸ ಬಿದ್ದಿರುವ ಹೊತ್ತಿನಲ್ಲೇ ಮಲೆನಾಡಿನ ಡೀಸೆಲ್ ಗಾಡಿಗಳಿಗೆ ಮೈಗಳ್ಳತನ ಶುರುವಾಗುತ್ತದೆ. ಬೆಳಗ್ಗೆ ಆರೂವರೆಗೆ, ಮಂಜು ಇನ್ನೂ ತೋಟ ಬಿಟ್ಟು ಮೇಲೇಳದಾಗ, ಕೀ ತಿರುಗಿಸಿದರೆ ಇಂಜಿನ್ ನಾಲ್ಕು ಸುತ್ತು ನರಳುತ್ತದೆ, ಹಿಂದಿನಿಂದ ಒಂದಿಷ್ಟು ಬಿಳಿ ಹೊಗೆ ಬಿಡುತ್ತದೆ, ಮತ್ತೆ ಮಲಗುತ್ತದೆ. ಮೂರನೇ ಸಲ ಸೆಲ್ಫ್ ಹೊಡೆಯುವಷ್ಟರಲ್ಲಿ ಬೇಲಿಯಾಚೆಯಿಂದ ಒಬ್ಬರು, ಡೈರಿಗೆ ಹಾಲು ಹೊತ್ತವರೊಬ್ಬರು, ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟ ನಿವೃತ್ತರೊಬ್ಬರು ಸೇರಿ ಬಾನೆಟ್ ಸುತ್ತ ಒಂದು ಸಭೆ ಆಗಿರುತ್ತದೆ. ಯಾರ ಗಾಡಿಗೆ ಹಿಂದೆ ಯಾವ ರೋಗ ಬಂದಿತ್ತೋ ಅವರು ಅದೇ ರೋಗದ ಹೆಸರು ಹೇಳುತ್ತಾರೆ. ಬ್ಯಾಟರಿ ಬದಲಿಸಿದವರು ಬ್ಯಾಟರಿ ಎನ್ನುತ್ತಾರೆ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನೋಝಲ್ ಕೆಲಸಕ್ಕೆ ದುಡ್ಡು ಸುರಿದವರು ನೋಝಲ್ಲೇ ಎನ್ನುತ್ತಾರೆ. ಕೊನೆಗೆ ಸಭೆ ಒಮ್ಮತದ ನಿರ್ಣಯಕ್ಕೆ ಬರುವುದು ಒಂದೇ ವಿಷಯದಲ್ಲಿ: “ಎಂತ ಮಾಡೂದು ಮಾರಾಯ್ರೇ, ಈ ಸಲ ಚಳಿ ಜಾಸ್ತಿ.”

ಚಳಿಯ ಪರವಾಗಿ ಯಾರಾದರೂ ವಕಾಲತ್ತು ವಹಿಸಬೇಕು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಡಿಸೆಂಬರ್–ಜನವರಿಯ ನಸುಕಿನಲ್ಲಿ ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ನಮಗೆ ಅದು ಕಂಬಳಿಯೊಳಗಿಂದ ಕೈ ಹೊರಗೆ ಹಾಕಲಾಗದ ಚಳಿ. ಇಂಜಿನ್ನಿಗೆ ಅಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಇಂಜಿನ್ ಓಡಿಸಿ ತೋರಿಸಿದ್ದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ, ಆಗುಂಬೆಯಲ್ಲಲ್ಲ. ಡೀಸೆಲ್ ಹೆಪ್ಪುಗಟ್ಟಿದೆ ಎನ್ನುವ ವಾದವೂ ಸುಲಭಕ್ಕೆ ನಿಲ್ಲುವುದಿಲ್ಲ. ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣತೆಗೆ ಭಾರತೀಯ ಮಾನದಂಡ ಹಾಕಿರುವ ಗರಿಷ್ಠ ಮಿತಿ ಚಳಿಗಾಲದ ಡೀಸೆಲ್‌ಗೆ 6 ಡಿಗ್ರಿ, ಬೇಸಿಗೆಯದಕ್ಕೆ 18. ಏಪ್ರಿಲ್‌ನಲ್ಲಿ ಕ್ಯಾನಿಗೆ ತುಂಬಿಸಿ ಕೊಟ್ಟಿಗೆ ಮೂಲೆಯಲ್ಲಿ ಮರೆತ ಡೀಸೆಲ್ಲನ್ನು ಜನವರಿಯಲ್ಲಿ ಹುಯ್ದಿದ್ದರೆ ಈ ಅನುಮಾನಕ್ಕೆ ಸ್ವಲ್ಪ ಜಾಗವಿದೆ.

ಹಾಗಾದರೆ ಚಳಿಗಾಲದಲ್ಲೇ ಯಾಕೆ? ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದಿಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿ, ಅದು 500 ಡಿಗ್ರಿ ದಾಟಿದಾಗ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಇದಕ್ಕೆ ಇಂಜಿನ್ ಜೋರಾಗಿ ತಿರುಗಬೇಕು, ಗಾಳಿ ಕಾಯಬೇಕು, ಡೀಸೆಲ್ ತಕ್ಕ ಒತ್ತಡದಲ್ಲಿ ಹೊತ್ತಿಗೆ ಸರಿಯಾಗಿ ಬರಬೇಕು. ಚಳಿ ಇವುಗಳಿಂದ ಸ್ವಲ್ಪ ಸ್ವಲ್ಪ ಕದಿಯುತ್ತದೆ. ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಕಸುವು ಇಳಿಯುತ್ತದೆ, ಅದುಮಿದ ಗಾಳಿಯ ಶಾಖವನ್ನು ತಣ್ಣನೆ ಸಿಲಿಂಡರ್ ಗೋಡೆ ಹೀರುತ್ತದೆ. ಮೂರೂ ನೆಟ್ಟಗಿದ್ದರೆ ಇಷ್ಟು ಕಳ್ಳತನ ಗೊತ್ತೇ ಆಗುವುದಿಲ್ಲ. ಒಂದು ಮೊದಲೇ ಸೊರಗಿದ್ದರೆ ಗಾಡಿ ನಿಲ್ಲುತ್ತದೆ. ಆ ಒಂದು ಯಾವುದೆಂದು ಹುಡುಕುವುದೇ ಕೆಲಸ, ಅದರ ಮುಕ್ಕಾಲು ಪಾಲು ಬಾನೆಟ್ ಎತ್ತದೇ ಆಗುತ್ತದೆ.

ಮೊದಲು ಕಿವಿ. ಇಂಜಿನ್ ಎಂದಿನ ವೇಗದಲ್ಲಿ ತಿರುಗಿಯೂ ಹತ್ತುತ್ತಿಲ್ಲವೋ, ತಿರುಗುವುದೇ ನಿಧಾನವೋ? ನಿಧಾನವಾದರೆ ಡೀಸೆಲ್, ನೋಝಲ್, ಪಂಪ್ ಎಲ್ಲವನ್ನೂ ಸದ್ಯ ಮರೆತುಬಿಡಿ. ಡೀಸೆಲ್ ಇಂಜಿನ್ ಹತ್ತಲು ನಿಮಿಷಕ್ಕೆ ಇನ್ನೂರು ಸುತ್ತಿನ ಆಸುಪಾಸಾದರೂ ಬೇಕು. ನಿಧಾನವಾಗಿ ಅದುಮಿದ ಗಾಳಿ ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಸೋರಿ, ಗೋಡೆಗೆ ಶಾಖ ಕೊಟ್ಟು, ಕಾಯುವುದೇ ಇಲ್ಲ.

ಆಮೇಲೆ ಕಣ್ಣು. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಬೇಕು. ಸಭೆಗೆ ಬಂದವರಲ್ಲಿ ಹೆಚ್ಚು ಮಾತಾಡುವವರನ್ನೇ ಈ ಕೆಲಸಕ್ಕೆ ಕಳಿಸುವುದು ಒಳ್ಳೆಯದು. ದಟ್ಟ ಬಿಳಿ ಹೊಗೆ, ಮೂಗಿಗೆ ಹಸಿ ಡೀಸೆಲ್ ವಾಸನೆ ಬಂದರೆ, ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಬಚ್ಚಲೊಲೆಗೆ ಹಸಿ ಕಟ್ಟಿಗೆ ತುರುಕಿದಾಗಿನ ಕಥೆಯೇ ಇದು. ತಪ್ಪು, ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರಿನ ಒಳಗನ್ನು ಕಾಯಿಸುವ ಹೀಟರ್ ಪ್ಲಗ್‌ನಲ್ಲೋ, ಗಾಳಿ ಅದುಮುವ ಬಲ ಅಂದರೆ ಕಂಪ್ರೆಷನ್‌ನಲ್ಲೋ ಇರುತ್ತದೆ. ಹದಿನೈದು ಸೆಕೆಂಡ್ ತಿರುಗಿಸಿದರೂ ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ತಲುಪಿಲ್ಲ. ಆಗ ಹೀಟರ್ ಪ್ಲಗ್ ಬದಲಿಸಿದರೆ ಅಂಗಡಿಯವನಿಗೆ ಮಾತ್ರ ಲಾಭ. ಒಂದು ಸಲಕ್ಕೆ ಹದಿನೈದು ಸೆಕೆಂಡ್ ಮೀರಬಾರದು, ಮತ್ತೆ ಹೊಡೆಯುವ ಮುಂಚೆ ಒಂದು ನಿಮಿಷ ಬಿಡಬೇಕು. ಇಲ್ಲವಾದರೆ ಸೆಲ್ಫ್ ಮೋಟರ್ ಸುಟ್ಟು, ಒಂದು ರೋಗ ಎರಡಾಗುತ್ತದೆ.

ಮೂರನೆಯದು ಯಾರೂ ಕೇಳದ ಪ್ರಶ್ನೆ. ಗಾಡಿ ಹಠ ಮಾಡುವುದು ಚಳಿಗೋ, ನಿಂತದ್ದಕ್ಕೋ? ಬೆಳಗ್ಗೆಯಿಂದ ಮುಟ್ಟದೆ ಬಿಟ್ಟು, ಮಧ್ಯಾಹ್ನ ಮೂರಕ್ಕೆ ಬಿಸಿಲಲ್ಲಿ ಸ್ಟಾರ್ಟ್ ಮಾಡಿ ನೋಡಿ. ಆಗಲೂ ಅದೇ ರಗಳೆಯಾದರೆ ಚಳಿ ನಿರಪರಾಧಿ. ಲೈನಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು, ಅದರ ಜಾಗಕ್ಕೆ ಗಾಳಿ ಬಂದಿರುವ ಸಾಧ್ಯತೆ ಹೆಚ್ಚು.

ಈಗ ಬಾನೆಟ್ ಎತ್ತಬಹುದು. ರಾತ್ರಿಯಿಡೀ ನಿಂತ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕೆ ಇಳಿದರೆ ಚಾರ್ಜಿಗೆ ಹಾಕಬೇಕು. ಆದರೆ ನಿಂತ ಬ್ಯಾಟರಿಯ ಮಾತನ್ನು ಪೂರ್ತಿ ನಂಬಬಾರದು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ, 12.6 ತೋರಿಸಿದ್ದು ಬರೀ ತೋರಿಕೆ. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಇನ್ನೊಂದು ಅಳತೆ ತೆಗೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬೋಳು ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟ್ ದಾಟಿದರೆ ಇವೆರಡರ ನಡುವಿನ ಅರ್ಥ್ ವೈರ್ ಕೆಟ್ಟಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆಯಲ್ಲೇ ಬಾಳಿದ ಗಾಡಿಯ ಅರ್ಥ್ ವೈರಿನ ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಪಾಚಿಯಂಥ ಕಿಲುಬು ಸಿಗುವುದು ಇಲ್ಲಿ ದಿನನಿತ್ಯದ ಮಾತು. ಉಜ್ಜುಕಾಗದದಲ್ಲಿ ಉಜ್ಜಿ ಬಿಗಿ ಮಾಡಲು ಕಾಲು ಗಂಟೆ ಸಾಕು. ಇದನ್ನು ನೋಡದೆಯೇ ಬ್ಯಾಟರಿ ಬದಲಿಸಿ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಮರುದಿನ ಹೊಸ ಬ್ಯಾಟರಿಯ ಜೊತೆ ಹಳೇ ರೋಗ ಅನುಭವಿಸುವವರಿಗೆ ಕೊರತೆಯಿಲ್ಲ.

ಹೀಟರ್ ಪ್ಲಗ್ ವಿಷಯದಲ್ಲಿ ದೊಡ್ಡ ಮೋಸ ಮಾಡುವುದು ಡ್ಯಾಶ್‌ಬೋರ್ಡಿನ ಸುರುಳಿ ಚಿತ್ರದ ದೀಪ. ಹತ್ತಿತು, ಆರಿತು, ಅಂದಮೇಲೆ ಪ್ಲಗ್ ಕಾದಿದೆ ಎಂದು ನಾವು ನಂಬುತ್ತೇವೆ. ಆ ದೀಪ ಟೈಮರಿನ ಲೆಕ್ಕಕ್ಕೆ ಆರುವುದು. ಎಷ್ಟೋ ಗಾಡಿಗಳಲ್ಲಿ ನಾಲ್ಕು ಪ್ಲಗ್ಗೂ ಸತ್ತಿದ್ದರೂ ಅದು ಅಷ್ಟೇ ಶಿಸ್ತಾಗಿ ಹತ್ತಿ ಆರುತ್ತದೆ. ಪರೀಕ್ಷೆ ಸುಲಭ. ಪ್ಲಗ್ಗುಗಳ ತಲೆಯ ವೈರ್ ಅಥವಾ ಪಟ್ಟಿ ಬಿಚ್ಚಿ, ಒಂದೊಂದರ ತಲೆಯಿಂದ ಇಂಜಿನ್ ಬ್ಲಾಕಿಗೆ ಓಮ್, ಅಂದರೆ ಕರೆಂಟಿಗೆ ಇರುವ ತಡೆ, ಅಳೆಯಿರಿ. ಮಾಮೂಲಿ 12 ವೋಲ್ಟಿನ ಪ್ಲಗ್ ಚೆನ್ನಾಗಿದ್ದರೆ ಅರ್ಧದಿಂದ ಎರಡು ಓಮ್ ಒಳಗೆ ಇರುತ್ತದೆ. ಮೀಟರ್ ಅನಂತ ತೋರಿಸಿದರೆ ಪ್ಲಗ್ ಅನಂತದಲ್ಲೇ ಲೀನವಾಗಿದೆ. ವೈರಿನ ಹೊರಗಿನಿಂದಲೇ ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಇದ್ದರೆ ಬಿಚ್ಚುವ ಕೆಲಸವೂ ಇಲ್ಲ. ಮುಖ್ಯ ವೈರಿಗೆ ಸುತ್ತಿ ಕೀ ಆನ್ ಮಾಡಿ. ಪ್ಲಗ್ ಒಂದಕ್ಕೆ 10ರಿಂದ 20 ಆಂಪಿಯರ್ ಎಳೆಯಬೇಕು, ನಾಲ್ಕರ ಒಟ್ಟು ಮೊತ್ತದಲ್ಲಿ ಕಾಲು ಪಾಲು ಕಡಿಮೆ ಬಂದರೆ ಒಂದು ಹೋಗಿದೆ. ಏನೂ ಎಳೆಯದಿದ್ದರೆ ನಾಲ್ಕೂ ಒಂದೇ ದಿನ ಸತ್ತವೆಂದು ಗಾಬರಿಯಾಗದೆ ಫ್ಯೂಸ್ ಮತ್ತು ಪ್ಲಗ್ಗುಗಳಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ನೋಡಿ. ಹೊಸ ಗಾಡಿಗಳಲ್ಲಿ ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರ್ ಹಾಕಿದರೆ ಪಿ0671ರಿಂದ ಪಿ0674ರವರೆಗಿನ ಕೋಡ್, ಯಾವ ಸಿಲಿಂಡರಿನ ಪ್ಲಗ್ ಎಂದು ನಂಬರ್ ಸಮೇತ ಹೇಳುತ್ತದೆ. ಆದರೆ ಎಷ್ಟೋ ಹೊಸ ಗಾಡಿಗಳಲ್ಲಿರುವ ಕಡಿಮೆ ವೋಲ್ಟಿನ ಪ್ಲಗ್ಗುಗಳಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಪರೀಕ್ಷಿಸಲು ಹೋದರೆ, ಚೆನ್ನಾಗಿದ್ದದ್ದೂ ಕಣ್ಣೆದುರೇ ಸುಡುತ್ತದೆ.

ಒಂದು ಪ್ಲಗ್ ಹೋದ ಮಾತ್ರಕ್ಕೆ ಗಾಡಿ ನಿಲ್ಲಬೇಕೆಂದಿಲ್ಲ. ಒಂದೇ ಕೊಳವೆಯಲ್ಲಿ ಭಾರೀ ಒತ್ತಡದ ಡೀಸೆಲ್ ಕೂಡಿಟ್ಟು ಎಲ್ಲ ನೋಝಲ್ಲಿಗೂ ಹಂಚುವ ಈಗಿನ ಕಾಮನ್ ರೈಲ್ ಇಂಜಿನ್ನುಗಳು ನಮ್ಮ ಚಳಿಯಲ್ಲಿ ಒಂದೆರಡು ಪ್ಲಗ್ ಸತ್ತರೂ ಹೇಗೋ ಹತ್ತಿಕೊಂಡು, ಮೊದಲ ಅರ್ಧ ನಿಮಿಷ ನಡುಗಿ, ಬಿಳಿ ಹೊಗೆ ಕಾರಿ ಸುಧಾರಿಸಿಕೊಳ್ಳುತ್ತವೆ. ಎಷ್ಟೋ ಹಳೆಯ ಜೀಪು, ಅಂಬಾಸಿಡರ್ ಡೀಸೆಲ್‌ಗಳ ಕಥೆ ಬೇರೆ. ಅವುಗಳಲ್ಲಿ ಡೀಸೆಲ್ ಮೊದಲು ಪಕ್ಕದ ಪುಟ್ಟ ಕೋಣೆಯಲ್ಲಿ ಹತ್ತಿ ಆಮೇಲೆ ಸಿಲಿಂಡರಿಗೆ ಬರುವ ಏರ್ಪಾಡು, ಆ ಕೋಣೆಯ ಗೋಡೆ ಶಾಖವನ್ನೆಲ್ಲ ನುಂಗುತ್ತದೆ. ಹೀಟರ್ ಇಲ್ಲದೆ ಅವು ಚಳಿ ಬಿಡಿ, ಮಳೆಗಾಲದ ಬೆಳಗಿನಲ್ಲೂ ಏಳಲು ಒಪ್ಪುವುದಿಲ್ಲ.

ಪ್ಲಗ್ ಬಿಚ್ಚುವಾಗ ಅವಸರ ಪಡಬೇಡಿ. ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಬಿಸಿ ಇದ್ದಾಗ, ಸ್ವಲ್ಪ ಬಿಚ್ಚಿ ಸ್ವಲ್ಪ ತಿರುಗಿಸಿ ಮತ್ತೆ ಬಿಚ್ಚಬೇಕು. ಪೆನ್ಸಿಲ್ ದಪ್ಪದ ವಸ್ತು ಅದು. ಉದ್ದ ಪಾನಾ ಹಾಕಿ ತೋಳ್ಬಲ ತೋರಿಸಿದರೆ ಅರ್ಧ ಕೈಗೆ ಬಂದು ಅರ್ಧ ಒಳಗೇ ಉಳಿಯುತ್ತದೆ, ಅದನ್ನು ತೆಗೆಯಲು ಇಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸುವ ಹೊತ್ತಿಗೆ ಆ ವರ್ಷದ ಒಂದಿಷ್ಟು ಅಡಿಕೆ ದುಡ್ಡು ಇಳಿದಿರುತ್ತದೆ. ನಾಲ್ಕೂ ಒಂದೇ ವಯಸ್ಸಿನವಾದ್ದರಿಂದ ಒಂದು ಹೋದರೆ ನಾಲ್ಕನ್ನೂ ಬದಲಿಸುವುದೇ ಲೇಸು.

ಪ್ಲಗ್, ರಿಲೇ, ಫ್ಯೂಸ್ ಮೂರೂ ಸರಿಯಿದ್ದು ಕರೆಂಟೇ ಬಾರದಿದ್ದರೆ, ಇಂಜಿನ್ ತಣಿಸುವ ದ್ರವದ ಬಿಸಿ ಅಳೆಯುವ ಕೂಲೆಂಟ್ ಸೆನ್ಸರ್ ನೋಡಬೇಕು. ಹೀಟರ್ ಎಷ್ಟು ಹೊತ್ತು ಉರಿಸಬೇಕೆಂದು ಗಾಡಿಯ ಕಂಪ್ಯೂಟರ್ ತೀರ್ಮಾನಿಸುವುದು ಅದರ ಮಾತು ಕೇಳಿ. ನಸುಕಿನ 12 ಡಿಗ್ರಿಯಲ್ಲಿ ನಿಂತ ಇಂಜಿನ್ 80 ಡಿಗ್ರಿ ಇದೆ ಎಂದು ಸೆನ್ಸರ್ ಚಾಡಿ ಹೇಳಿದರೆ, ಹೀಟರ್ ಯಾಕೆ ಉರಿಸಬೇಕು? ಸ್ಕ್ಯಾನರಿನಲ್ಲಿ ಕೂಲೆಂಟ್ ಉಷ್ಣತೆ ಹೊರಗಿನ ಗಾಳಿಯಷ್ಟೇ ತೋರಿಸಬೇಕು, ಅದೂ ಬೆಳಗ್ಗೆ ಮೊದಲ ಸಲ ಕೀ ಹಾಕಿದಾಗ.

ಇನ್ನು ಏರ್ ಎಳೆಯುವ ರೋಗ, ಅಂದರೆ ಡೀಸೆಲ್ ಲೈನಿಗೆ ಗಾಳಿ ಸೇರುವುದು. ಮಲೆನಾಡಿನ ಮನೆ ಅಂದಮೇಲೆ ಗಾಡಿ ನಿಲ್ಲುವುದು ಏರಿನಲ್ಲೋ ಇಳಿಜಾರಿನಲ್ಲೋ, ಹಾಗಾಗಿ ಪರೀಕ್ಷೆಗೆ ಬೇಕಾದ ಸಲಕರಣೆ ಅಂಗಳದಲ್ಲೇ ಇದೆ. ಒಂದು ರಾತ್ರಿ ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿ, ಮರುರಾತ್ರಿ ಏರಿಗೆ. ಟ್ಯಾಂಕ್ ಹಿಂದಿರುವ ಗಾಡಿಯಲ್ಲಿ ಮೂತಿ ಮೇಲಿದ್ದರೆ ಡೀಸೆಲ್ ಟ್ಯಾಂಕಿನ ಕಡೆ ಇಳಿಯುತ್ತದೆ, ಕೆಳಗಿದ್ದರೆ ಇಂಜಿನ್ ಕಡೆಗೇ ಉಳಿಯುತ್ತದೆ. ಇಳಿಜಾರಿನಲ್ಲಿ ಒಂದೇ ಸಲಕ್ಕೆ ಹತ್ತಿ ಏರಿನಲ್ಲಿ ರಗಳೆ ಮಾಡಿದರೆ ಎಲ್ಲೋ ಸಂದಿ ಇದೆ. ತಳ್ಳಿ ಸ್ಟಾರ್ಟ್ ಮಾಡಲು ಅನುಕೂಲವೆಂದು ಸದಾ ಮೂತಿ ಕೆಳಗೆ ಮಾಡಿ ನಿಲ್ಲಿಸುವ ನಮ್ಮ ಹಳೇ ಅಭ್ಯಾಸ ಈ ರೋಗವನ್ನು ವರ್ಷಗಟ್ಟಲೆ ಮುಚ್ಚಿಟ್ಟಿರುತ್ತದೆ. ಯಾವತ್ತೋ ನೆಂಟರ ಮನೆಯಲ್ಲಿ ಏರಿಗೆ ನಿಲ್ಲಿಸಿದ ದಿನ ಅದು ಬಯಲಾಗುತ್ತದೆ, ಅಲ್ಲಿಯ ಚಳಿ ಜಾಸ್ತಿ ಎಂಬ ಮಾತು ಹುಟ್ಟುತ್ತದೆ.

ಕೆಳಗೆ ಒಂದು ಹನಿಯೂ ಬಿದ್ದಿಲ್ಲ, ಲೀಕ್ ಹೇಗಾಗುತ್ತದೆ ಎಂದು ಸಭೆ ಕೇಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗೆ ಡೀಸೆಲ್ ಎಳೆದುಕೊಂಡು ಬರುವ ಗಾಡಿಗಳಲ್ಲಿ ಸಂದಿಯಿಂದ ಡೀಸೆಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು. ಫಿಲ್ಟರಿನ ಮುಂದೆ ಒಂದಡಿ ಪಾರದರ್ಶಕ ಪೈಪ್ ಸಿಕ್ಕಿಸಿ ಇಂಜಿನ್ ಓಡಿಸಿದರೆ ಗುಳ್ಳೆ ಸಾಲುಗಟ್ಟಿ ಹೋಗುವುದು ಕಾಣುತ್ತದೆ. ಇನ್ನೂ ಖಚಿತ ಬೇಕೆಂದರೆ ಎರಡು ಲೀಟರ್ ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಎತ್ತರದಲ್ಲಿಟ್ಟು, ಫಿಲ್ಟರಿಗೆ ಅಲ್ಲಿಂದಲೇ ಪೈಪ್ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ಚಕ್ಕನೆ ಹತ್ತಿದರೆ ತಪ್ಪು ಟ್ಯಾಂಕಿನಿಂದ ಫಿಲ್ಟರಿನ ನಡುವೆ. ಅಲ್ಲಿ ಮೊದಲ ಶಂಕಿತ ಇಲಿ. ಚಳಿಗೆ ಬಿಸಿ ಇಂಜಿನ್ ಮೇಲೆ ಮಲಗಲು ಬಂದು ರಬ್ಬರ್ ಪೈಪಿನ ರುಚಿ ನೋಡಿರುತ್ತದೆ. ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ, ಕೆಲವು ಇಲಿಗಳಿಗೆ ಅದರ ಚಟವೂ ಹತ್ತಿದಂತಿದೆ. ಎರಡನೇ ಶಂಕಿತ, ಫಿಲ್ಟರ್ ಬದಲಿಸಿದಾಗ ಹಳೇ ವಾಷರನ್ನೇ ಮತ್ತೆ ಹಾಕಿದ ಕೈ. ಫಿಲ್ಟರಿನ ಬುಡದ ಸ್ಕ್ರೂ ಸಡಿಲಿಸಿ ನೀರು ತೆಗೆಯುವುದನ್ನೂ ಇದೇ ಹೊತ್ತಿಗೆ ಮುಗಿಸಿ. ಗಾಜಿನ ಬಾಟಲಿಗೆ ಹಿಡಿದರೆ ನೀರು ತಳಕ್ಕೆ, ಡೀಸೆಲ್ ಮೇಲಕ್ಕೆ ಬೇರೆಯಾಗಿ ನಿಲ್ಲುತ್ತದೆ. ಕಾಮನ್ ರೈಲ್ ಗಾಡಿಯಲ್ಲಿ ಮಾತ್ರ ಪಂಪಿನಿಂದಾಚೆಯ ಉಕ್ಕಿನ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಇಂಜಿನ್ ಓಡುವಾಗ ಅದರೊಳಗಿನ ಒತ್ತಡ ಸಾವಿರ ಬಾರ್, ಅಂದರೆ ಸುತ್ತಲ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು, ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ.

ಕೀ ಎರಡು ಮೂರು ಸಲ ಆನ್-ಆಫ್ ಮಾಡಿ ಆಮೇಲೆ ಹೊಡೆದರೆ ಹತ್ತುತ್ತದೆ ಎನ್ನುವವರು ಒಂದು ಸುಳಿವು ಕೊಡುತ್ತಿದ್ದಾರೆ, ಆದರೆ ಅರ್ಧ ಸುಳಿವು. ಹೀಟರ್ ಎರಡು ಸಲ ಕಾದದ್ದರಿಂದಲೂ ಹತ್ತಿರಬಹುದು, ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಯಾದರೆ ಡೀಸೆಲ್ ಲೈನ್ ತುಂಬಿದ್ದರಿಂದಲೂ ಹತ್ತಿರಬಹುದು. ಎರಡನ್ನೂ ಬೇರ್ಪಡಿಸುವುದು, ಹತ್ತದಿದ್ದಾಗ ಬಿಳಿ ಹೊಗೆ ಇತ್ತೋ, ಹೊಗೆಯೇ ಇರಲಿಲ್ಲವೋ ಎಂಬುದೇ.

ಸಭೆಯ ಮನೆಮದ್ದುಗಳಲ್ಲಿ ಹಂಡೆಯ ಬಿಸಿನೀರು ಬಡಪಾಯಿ. ಫಿಲ್ಟರಿಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದರೆ ನಷ್ಟವಿಲ್ಲ, ಚೊಂಬಿನಲ್ಲಿ ಎರಚಿದರೆ ಕನೆಕ್ಟರಿಗೆ ನೀರು ಹೋಗುತ್ತದೆ. ಸೀಮೆಎಣ್ಣೆ ಬೆರೆಸುವುದು ಹಳೇ ಜೀಪಿನ ಕಾಲದ ಮಾತು. ಈಗಿನ ಪಂಪ್‌ಗಳಿಗೆ ಡೀಸೆಲ್ಲೇ ಜಾರುಎಣ್ಣೆ, ಅದನ್ನು ತೆಳುಮಾಡಿದರೆ ಪಂಪ್ ಸವೆದು ಲೋಹದ ಪುಡಿ ನೋಝಲ್‌ವರೆಗೆ ಹೋಗುತ್ತದೆ. ಗಾಳಿ ಎಳೆಯುವ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು, ಹೀಟರ್ ಕಾದಿರುವಾಗ ಥಟ್ಟನೆ ಹತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವುದು, ಇವೆರಡಕ್ಕೆ ಮಾತ್ರ ಕೈ ಅಡ್ಡ ಹಿಡಿದು ನಿಲ್ಲಿಸಬೇಕು. ಕಾದ ಪ್ಲಗ್ಗಿಗೆ ಈಥರ್ ತಾಗಿದರೆ ಪಿಸ್ಟನ್ ಒಡೆಯಬಹುದು, ಮೀಸೆಯೂ ಉಳಿಯದು. ತಳ್ಳುವ ಉತ್ಸಾಹ ಬಂದಾಗ ಇದೊಂದು ನೆನಪಿರಲಿ: ಹೊಸ ಗಾಡಿಯ ಬ್ಯಾಟರಿ ಪೂರ್ತಿ ಕೂತಿದ್ದರೆ ಕಂಪ್ಯೂಟರ್ ಏಳುವುದಿಲ್ಲ, ಕಂಪ್ಯೂಟರ್ ಏಳದೆ ನೋಝಲ್ ತೆರೆಯುವುದಿಲ್ಲ. ಇಂಜಿನ್ ಸತ್ತ ಗಾಡಿಯಲ್ಲಿ ಬ್ರೇಕಿಗೂ ಸ್ಟೀರಿಂಗಿಗೂ ನೆರವು ಇರುವುದಿಲ್ಲ. ಇಳಿಜಾರಿನ ತುದಿಯಲ್ಲಿ ಕೆರೆ ಇರುವ ಮನೆಯವರು ಮೊದಲು ಇದನ್ನು ಯೋಚಿಸಿ.

ಇಷ್ಟೆಲ್ಲ ನೋಡಿಯೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಅಳೆಸಬೇಕು, ಅದು ಗ್ಯಾರೇಜಿನ ಕೆಲಸ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಹಠ ಮಾಡಿದ ಗಾಡಿಯನ್ನು ಹೇಗೋ ಎಬ್ಬಿಸಿ, ಮೂವತ್ತು ಕಿಲೋಮೀಟರ್ ಓಡಿಸಿ, ಶಿವಮೊಗ್ಗದ ಗ್ಯಾರೇಜಿಗೆ ಹನ್ನೊಂದು ಗಂಟೆಗೆ ಒಯ್ಯುತ್ತೇವೆ. ಮೆಕ್ಯಾನಿಕ್ ಕೀ ಮುಟ್ಟುತ್ತಲೇ ಗಾಡಿ ಒಳ್ಳೆ ಸಂಬಂಧ ನೋಡಲು ಬಂದವರೆದುರು ಕೂತ ಹುಡುಗನಷ್ಟು ಸಭ್ಯವಾಗಿ ಸ್ಟಾರ್ಟ್ ಆಗುತ್ತದೆ. “ಎಂತ ಇಲ್ವಲ್ಲ ಸಾರ್?” ಅದಕ್ಕೇ ಹಿಂದಿನ ಸಂಜೆಯೇ ಬಿಟ್ಟು ಬನ್ನಿ, ಮೂತಿ ಏರಿಗೆ ಮಾಡಿ, ಬೆಳಗ್ಗೆ ಮೆಕ್ಯಾನಿಕ್ ಬರುವವರೆಗೆ ಸೆಲ್ಫ್ ಹೊಡೆಯಬಾರದು ಎಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟಿ. ಚೀಟಿ ಇಲ್ಲದಿದ್ದರೆ, ಗುಡಿಸಲು ಜಾಗ ಬೇಕೆಂದು ಗ್ಯಾರೇಜಿನ ಹುಡುಗ ಏಳು ಗಂಟೆಗೇ ಅದನ್ನು ಸ್ಟಾರ್ಟ್ ಮಾಡಿ ಪಕ್ಕಕ್ಕೆ ಹಾಕಿರುತ್ತಾನೆ.