ಶರಾವತಿ ಹಿನ್ನೀರಿನಲ್ಲಿ ದೋಣಿಯ ಹುಟ್ಟು ಯಾರ ಕೈಯಲ್ಲಿರಬೇಕು?

2025ರ ಜುಲೈನಲ್ಲಿ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚಿಗೆ ವಾಹನ ಹತ್ತಿಸುವುದೇ ನಿಂತುಹೋಗುತ್ತಿದ್ದ, ರಾತ್ರಿಯ ಹೊತ್ತು ರೋಗಿಯನ್ನು ಸಾಗರಕ್ಕೆ ಕರೆದೊಯ್ಯಲು ಪರದಾಡಬೇಕಾಗಿದ್ದ ತುಮರಿ ಭಾಗದ ಜನರಿಗೆ ಅದು ಎಂದೋ ಸಿಗಬೇಕಿದ್ದ ನ್ಯಾಯ. ಈಗ ಅದೇ ಸೇತುವೆಯ ಮೇಲೆ ಪ್ರವಾಸಿಗರೂ ಬರುತ್ತಿದ್ದಾರೆ. ಅವರು ಬರಲಿ, ಈ ನೀರಿನ ಮೇಲೆ ತೇಲಲಿ ಎಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ಇಲ್ಲಿನ ಜಲವಿಹಾರ ಯಂತ್ರದ ವೇಗಕ್ಕಿಂತ ಹುಟ್ಟಿನ ವೇಗದಲ್ಲಿ ಬೆಳೆಯಬೇಕು, ಆ ಹುಟ್ಟು ಈ ನೀರಿಗೆ ನೆಲ ಕಳೆದುಕೊಂಡ ಮುಳುಗಡೆ ಸಂತ್ರಸ್ತರ ಮಕ್ಕಳ ಕೈಗೇ ಮೊದಲು ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲಿಂಗನಮಕ್ಕಿಯನ್ನು ಕೆರೆಯೆಂದು ಭಾವಿಸಿ ಇಳಿಯುವುದೇ ಅಪಾಯದ ಮೊದಲ ಹೆಜ್ಜೆ. 1964ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು ಸುಮಾರು 151 ಟಿಎಂಸಿ ನೀರನ್ನು ಹಿಡಿದಿಡುವುದು ವಿದ್ಯುತ್ತಿಗಾಗಿ. ಇಲ್ಲಿಂದ ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಹೋಗುವ ನೀರು, ಅಲ್ಲಿಂದ ಕೊಳವೆಗಳಲ್ಲಿ ಧುಮುಕಿ 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ. ಒಳ್ಳೆಯ ಮಳೆಗಾಲದಲ್ಲಿ 1819 ಅಡಿಯ ಗರಿಷ್ಠ ಮಟ್ಟದತ್ತ ಏರುವ ನೀರು ಬೇಸಿಗೆಯ ಕೊನೆಯ ಹೊತ್ತಿಗೆ ಎಷ್ಟು ಇಳಿದಿರುತ್ತದೆಂದರೆ, ದೀಪಾವಳಿಯ ಸಮಯದಲ್ಲಿ ದೋಣಿ ಕಟ್ಟಿದ್ದ ದಡದಿಂದ ನೀರನ್ನು ಮುಟ್ಟಲು ಬಿರುಕುಬಿಟ್ಟ ಕೆಸರಿನ ಮೇಲೆ ಬಹುದೂರ ನಡೆಯಬೇಕಾಗುತ್ತದೆ. ಮುಳುಗಿದ ಕಾಡಿನ ಮರಗಳ ಬುಡಗಳು ಇಂದಿಗೂ ನೀರಿನೊಳಗೆ ನಿಂತಿವೆ. ಒಂದು ವಾರ ಆಳದಲ್ಲಿದ್ದ ಬೊಡ್ಡೆ ಮುಂದಿನ ವಾರ ಮೇಲ್ಮೈಗೆ ಗೇಣುದ್ದ ಕೆಳಗೆ, ಕಣ್ಣಿಗೆ ಕಾಣದಂತೆ ಬಂದಿರಬಹುದು. ವೇಗದ ಮೋಟಾರ್ ದೋಣಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಹಳೆಯ ಗದ್ದೆಯ ಅಂಚು, ದರೆ, ಬಾವಿ ಎಲ್ಲಿದ್ದವೆಂದು ಬಲ್ಲವರು ಈ ನೆಲದಲ್ಲಿ ಬಾಳಿದವರು ಮಾತ್ರ, ಮತ್ತು ಅವರಿಂದ ಕೇಳಿ ತಿಳಿದವರು. ಆದ್ದರಿಂದ ಸ್ಥಳೀಯರಿಗೆ ಆದ್ಯತೆ ಕೊಡಿ ಎಂದು ನಾನು ಹೇಳುವುದು ಕನಿಕರದಿಂದ ಮಾತ್ರವಲ್ಲ, ಪ್ರವಾಸಿಗರ ಜೀವದ ಹಿತಕ್ಕಾಗಿಯೂ ಹೌದು.

ಮೋಟಾರ್ ದೋಣಿ ಬೇಕೆನ್ನುವವರಿಗೆ ಜೋಗದ ಬಳಿಯ ತಳಕಳಲೆ ಇದೆ. ಸಮತೋಲನ ಜಲಾಶಯವಾದ ಅಲ್ಲಿ ನೀರಿನ ಏರಿಳಿತ ಇಷ್ಟೊಂದಿಲ್ಲ. (2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದು, ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ತಳಕಳಲೆಗೆ ಎತ್ತಿ ಮತ್ತೆ ಇಳಿಸತೊಡಗಿದರೆ ಈ ಮಾತನ್ನು ಬದಲಿಸಬೇಕಾದೀತು. ಆ ಯೋಜನೆಯನ್ನು ನಾನು ವಿರೋಧಿಸಲು ಬೇರೆ, ಇನ್ನೂ ದೊಡ್ಡ ಕಾರಣಗಳಿವೆ.)

ಹುಟ್ಟಿನ ವಿಹಾರವೆಂದರೇನು ಎಂಬುದನ್ನು ಸಾಗರ ತಾಲ್ಲೂಕಿನ ಹೊನ್ನೇಮರಡು ಬಹುಕಾಲದಿಂದ ತೋರಿಸುತ್ತಾ ಬಂದಿದೆ. ತೆಪ್ಪ, ಕಯಾಕ್ ಮತ್ತು ಗಾಳಿಯನ್ನೇ ನಂಬಿದ ವಿಂಡ್‌ಸರ್ಫಿಂಗ್ ಹಲಗೆ ಅಲ್ಲಿನ ಸಾಧನಗಳು. ತಾನೇ ಹುಟ್ಟು ಹಾಕಿ ನಡುಗಡ್ಡೆ ಮುಟ್ಟಿದ ಹುಡುಗಿಯೊಬ್ಬಳು ನೀರನ್ನು ಗೌರವಿಸಲು ಕಲಿಯುವಷ್ಟು, ಹತ್ತು ನಿಮಿಷದ ಸ್ಪೀಡ್‌ಬೋಟ್ ಸುತ್ತಾಟದಲ್ಲಿ ಕಿರುಚಿ ಇಳಿದವರು ಕಲಿಯಲಾರರು. ಹಿನ್ನೀರಿನ ಸುತ್ತಲಿನ ಕಾಡು ಸಿಂಗಳೀಕಗಳ ನೆಲೆ ಎಂಬುದನ್ನೂ ಮರೆಯಬಾರದು. ಧ್ವನಿವರ್ಧಕ, ರಾತ್ರಿಯ ಮದ್ಯಕೂಟ, ದಡದಲ್ಲಿ ಒಡೆದು ಬಿಟ್ಟುಹೋಗುವ ಬಾಟಲಿ ಇವಕ್ಕೆ ಇಲ್ಲಿ ಜಾಗವಿರಲೇಬಾರದು.

ನೀರು ಬಹಳ ಇಳಿದ ವರ್ಷಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. ಲಿಂಗನಮಕ್ಕಿಗೂ ಮುಂಚೆ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕಾಗಿ ಕಟ್ಟಿದ ಅದು, ಸೈಫನ್‌ಗಳ ಮೂಲಕ ಹೆಚ್ಚುವರಿ ನೀರನ್ನು ಹೊರಬಿಡುತ್ತಿದ್ದ ಅಪರೂಪದ ರಚನೆ. ಅದನ್ನು ನೋಡಲು ಹೋಗುವವರು ಅದರ ಮೇಲೆ ಹೆಸರು ಕೆತ್ತಿ ಬರುವ ಬದಲು, ಅದರ ಕಥೆಯನ್ನು ಬಲ್ಲ ಊರಿನ ಹಿರಿಯರೊಬ್ಬರಿಗೆ ಗೌರವಧನ ಕೊಟ್ಟು ಕೇಳಿ ಬರುವ ವ್ಯವಸ್ಥೆ ಆಗಬೇಕು.

ನಾಡಿಗೆ ಬೆಳಕು ಕೊಡಲು ಗದ್ದೆ, ತೋಟ, ಮನೆ ಬಿಟ್ಟು ಎದ್ದುಹೋದ ಎಷ್ಟೋ ಕುಟುಂಬಗಳು ಮೂರನೆಯ ತಲೆಮಾರಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿವೆ. ಜಲವಿಹಾರದ ಆದಾಯ ಆ ಹಕ್ಕುಪತ್ರಕ್ಕೆ ಬದಲಿಯಾಗಲಾರದು. ಹಾಗೆಂದು ತಮ್ಮದೇ ಗದ್ದೆಯ ಮೇಲೆ ನಿಂತ ನೀರಿನಲ್ಲಿ ಹೊರಗಿನ ಗುತ್ತಿಗೆದಾರರ ದೋಣಿ ಓಡುವಾಗ, ಆ ಮನೆಯ ಮಗ ದಡದಲ್ಲಿ ಪಾರ್ಕಿಂಗ್ ಚೀಟಿ ಹರಿಯುವ ಕೆಲಸಕ್ಕೆ ನಿಲ್ಲುವುದನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ.

ಸರ್ಕಾರ ಇಲ್ಲಿ ಜಲಕ್ರೀಡೆಗೆ ಟೆಂಡರ್ ಕರೆಯುವ ಮೊದಲು ಕರೂರು ಮತ್ತು ಬಾರಂಗಿ ಹೋಬಳಿಗಳ ಪಂಚಾಯಿತಿಗಳನ್ನು ಕೂರಿಸಿಕೊಂಡು ಮಾತನಾಡಲಿ. ಸಂತ್ರಸ್ತ ಕುಟುಂಬಗಳ ಯುವಕ ಯುವತಿಯರಿಗೆ ಈಜು, ಜೀವರಕ್ಷಣೆ ಮತ್ತು ದೋಣಿ ನಡೆಸುವ ತರಬೇತಿ ಕೊಟ್ಟು, ಅವರ ಸಹಕಾರ ಸಂಘಗಳಿಗೇ ಪರವಾನಗಿ ನೀಡಲಿ. ನೀರಿನ ಮಟ್ಟಕ್ಕೆ ತಕ್ಕಂತೆ ಸುರಕ್ಷಿತ ದಾರಿಗಳನ್ನು ಗುರುತಿಸಿ ತೇಲುಬುರುಡೆ ಕಟ್ಟಿಸಲಿ. ಲೈಫ್ ಜಾಕೆಟ್ ಇಲ್ಲದವರನ್ನು, ಅವರು ಎಷ್ಟೇ ದೊಡ್ಡವರಿರಲಿ, ದೋಣಿ ಹತ್ತಿಸದಿರುವ ಅಧಿಕಾರ ಹುಟ್ಟು ಹಿಡಿದವರಿಗೇ ಇರಲಿ.